ಕಿಕ್ ಹೊಡೀಬೇಡ ತಮ್ಮಾ, ಮೊದಲು ಪ್ಲಗ್ ಬಿಚ್ಚು!

ತೀರ್ಥಹಳ್ಳಿ ಕಡೆಯ ಹುಡುಗನೊಬ್ಬನ ಕಾಗದ ಬಂದಿದೆ. ಹೆಸರು ಹಾಕಬೇಡಿ ಅಂತ ಕೇಳಿಕೊಂಡಿದ್ದಾನೆ, ಹಾಕೋಲ್ಲ. ಮನೆಯಲ್ಲಿ ಅಪ್ಪ ಓಡಿಸುತ್ತಿದ್ದ ಯೆಜ್ಡಿ ರೋಡ್‌ಕಿಂಗ್ ಇದೆ. ಅಪ್ಪ ಮೇ ತಿಂಗಳಲ್ಲಿ ತೀರಿಕೊಂಡರು. ಜೂನಿನಲ್ಲಿ ಮಳೆ ಹಿಡಿಯಿತು, ಗಾಡಿ ಸೌದೆ ಕೊಟ್ಟಿಗೆ ಸೇರಿತು. ಆಯುಧಪೂಜೆಗೆ ಹೊರಗೆ ತೆಗೆದು ತೊಳೆದು ಹೂ ಮುಡಿಸಿ ಕಿಕ್ ಹೊಡೆದರೆ... ಉಸಿರಿಲ್ಲ! ಮೂರು ದಿನ ಹೊಡೆದು ಕಾಲು ಊದಿಸಿಕೊಂಡಿದ್ದಾನೆ. ಸೋದರಮಾವ "ಗುಜರಿಗೆ ಹಾಕು, ಜಾಗವಾದರೂ ಖಾಲಿಯಾಗುತ್ತೆ" ಅಂದಿದ್ದಾರೆ. ಗುಜರಿಯವನು ತೂಕದ ಲೆಕ್ಕದಲ್ಲಿ ರೇಟು ಹೇಳಿ ಹೋಗಿದ್ದಾನೆ, ದೀಪಾವಳಿ ಕಳೆದ ಮೇಲೆ ಬರ್ತಾನಂತೆ. "ಅಣ್ಣಾ, ಕೊಡಲೋ ಬೇಡವೋ?"

ಕೊಡಬೇಡ ಮಾರಾಯ! ಮೊದಲು ನಾನು ಹೇಳಿದ್ದು ಮಾಡು. ಆಮೇಲೆ ಮಾವನ ಹತ್ತಿರ ಮಾತಾಡುವೆಯಂತೆ.

ತೆರೆಯ ಮೇಲೆ ನಮ್ಮ ಹೀರೋಗಳು ಒಂದೇ ಕಿಕ್ಕಿಗೆ ಗಾಡಿ ಎಬ್ಬಿಸ್ತಾರೆ, ನಿಜ. 1975ರಲ್ಲಿ ಬಂದ 'ಶೋಲೆ'ಯ ಜೈ-ವೀರು ಜೋಡಿ ಸೈಡ್‌ಕಾರ್ ಗಾಡಿಯಲ್ಲಿ ಹಾಡಿಕೊಂಡು ಹೋದದ್ದನ್ನು ನೋಡಿ ಎಷ್ಟು ಹುಡುಗರು ಹುಚ್ಚಾದರೋ! ಆದರೆ ಮಲೆನಾಡಿನ ನಾಲ್ಕು ತಿಂಗಳ ಮಳೆಯಲ್ಲಿ ನಿಂತ ಗಾಡಿಗೆ ಆ ಸ್ಟೈಲ್ ನಡೆಯೋಲ್ಲ. ಅದಕ್ಕೆ ಕಿಕ್ ಹೊಡೆಯೋದು ಕಟ್ಟಕಡೆಯ ಕೆಲಸ.

ಯೆಜ್ಡಿ ನಮ್ಮ ಮೈಸೂರಿನ ಕೂಸು. ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಬಂತು, ಆಮೇಲೆ ಯೆಜ್ಡಿ, 1978ರಲ್ಲಿ ರೋಡ್‌ಕಿಂಗ್. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಈಗ ಶೋರೂಮಿನಲ್ಲಿ ಕಾಣುವ ಹೊಸ ಯೆಜ್ಡಿ 2022ರಲ್ಲಿ ಬೇರೆ ಕಂಪನಿ ತಂದದ್ದು, ಫೋರ್ ಸ್ಟ್ರೋಕ್. ನಿನ್ನದು ಹಳೇ ಟೂ ಸ್ಟ್ರೋಕ್, ಪೆಟ್ರೋಲಿಗೇ ಆಯಿಲ್ ಕಲಸಿ ಕುಡಿಸುವ ಜಾತಿ. ಅದರ ಕಾಯಿಲೆಯೂ ಬೇರೆ, ಔಷಧಿಯೂ ಬೇರೆ.

ಮೊದಲು ಎರಡೂ ಸೈಲೆನ್ಸರಿನ ಬಾಯಿಗೆ ಟಾರ್ಚ್ ಬಿಟ್ಟು ನೋಡು. ಸೌದೆ ಕೊಟ್ಟಿಗೆ ಅಂದೆಯಲ್ಲ, ಕುಂಬಾರ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿರಬಹುದು. ಏರ್ ಫಿಲ್ಟರ್ ಬಿಚ್ಚು. ಇಲಿ ಅಲ್ಲಿ ಚಿಂದಿ, ಅಡಿಕೆ ಸಿಪ್ಪೆ ಎಲ್ಲಾ ತುಂಬಿ ಸಂಸಾರ ಹೂಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಾಳಿ ಒಳಗೆ ಹೋಗದೆ, ಹೊಗೆ ಹೊರಗೆ ಬರದೆ ಎಂಜಿನ್ ಏಳೋದಾದರೂ ಹೇಗೆ?

ಆಮೇಲೆ ಪ್ಲಗ್ ಪಾನಾ ಹಾಕಿ ಪ್ಲಗ್ ಬಿಚ್ಚು. ಆ ತೂತಿನಲ್ಲಿ ಒಂದೆರಡು ಚಮಚ ಟೂ-ಟಿ ಆಯಿಲ್ ಬಿಟ್ಟು, ಮೇಲೆ ಬಟ್ಟೆ ಮುಚ್ಚಿ, ರಾತ್ರಿ ಪೂರ್ತಿ ಹಾಗೇ ಬಿಡು. ಮಳೆಗಾಲದ ತೇವಕ್ಕೆ ಸಿಲಿಂಡರಿನ ಗೋಡೆ ತುಕ್ಕು ಹಿಡಿದು ಪಿಸ್ಟನ್ ರಿಂಗು ಕಚ್ಚಿಕೊಂಡಿರುತ್ತೆ. ಅದರ ಮೇಲೆ ಪೈಲ್ವಾನನ ಹಾಗೆ ಕಿಕ್ ಹೊಡೆದರೆ ರಿಂಗು ಮುರಿಯುತ್ತೆ, ಗೋಡೆಗೆ ಗೀರು ಬೀಳುತ್ತೆ. ನಿಂತು ಕೆಟ್ಟ ಗಾಡಿಗಳಿಗಿಂತ ಹೀಗೆ ಒದ್ದು ಕೆಡಿಸಿದ ಗಾಡಿಗಳೇ ನನ್ನ ಗ್ಯಾರೇಜಿಗೆ ಜಾಸ್ತಿ ಬರೋದು! ಬೆಳಗ್ಗೆ ನ್ಯೂಟ್ರಲ್‌ನಲ್ಲಿಟ್ಟು, ಪ್ಲಗ್ ಹಾಕದೆ, ಲಿವರನ್ನು ಕೈಯಿಂದ ಮೆಲ್ಲಗೆ ಒತ್ತು. ತಿರುಗಿತೋ, ಮಾವನಿಗೆ ಅರ್ಧ ಉತ್ತರ ಕೊಟ್ಟ ಹಾಗೆ. ತಿರುಗದಿದ್ದರೆ ಮತ್ತೆ ಆಯಿಲ್ ಬಿಟ್ಟು ಇನ್ನೆರಡು ದಿನ ಕಾಯಿ. ಆಗಲೂ ಜಗ್ಗದಿದ್ದರೆ ಸಿಲಿಂಡರ್ ಬಿಚ್ಚಬೇಕು, ಅದು ಮೆಕ್ಯಾನಿಕ್ ಕೆಲಸ.

ಈಗ ಪೆಟ್ರೋಲ್. ಟ್ಯಾಂಕ್ ಮುಚ್ಚಳ ತೆಗೆದು ಮೂಸಿ ನೋಡು. ಹಳೇ ಬಣ್ಣದ ವಾಸನೆ ಬಂದರೆ ಆ ಪೆಟ್ರೋಲ್ ಕೆಲಸಕ್ಕೆ ಬಾರದು. ಅಂಗಳದಲ್ಲಿ ಡಬ್ಬಕ್ಕೆ ಇಳಿಸು, ಒಲೆ-ಬೀಡಿ ಎರಡೂ ದೂರ ಇರಲಿ. ಸ್ವಲ್ಪವನ್ನು ಗಾಜಿನ ಬಾಟಲಿಗೆ ಹಾಕಿ ಅರ್ಧ ಗಂಟೆ ಬಿಡು. ತಳದಲ್ಲಿ ಬೇರೆ ಪದರ ಕಂಡರೆ ಅದೇ ನೀರು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪರ್ಸೆಂಟ್ ತನಕ ಎಥನಾಲ್ ಇರುತ್ತೆ. ಎಥನಾಲ್ ತೇವ ಹೀರುತ್ತೆ, ಹೆಚ್ಚಾದರೆ ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತೆ. ಕಬ್ಬಿಣದ ಟ್ಯಾಂಕಿಗೆ ತುಕ್ಕು, ಹಳೇ ರಬ್ಬರ್ ಪೈಪಿಗೆ ಬಿರುಕು. ಪೈಪ್ ಬದಲಾಯಿಸಿಬಿಡು.

ಕಾರ್ಬ್ಯುರೇಟರ್ ಕೆಳಗಿನ ಬಟ್ಟಲು ಬಿಚ್ಚಿದರೆ ಅಲ್ಲಿ ಬೆಲ್ಲದ ಪಾಕದಂಥ ಅಂಟು ಕೂತಿರುತ್ತೆ. ಪೆಟ್ರೋಲ್ ಆರಿಹೋಗಿ ಆಯಿಲ್ ಉಳಿದುಕೊಂಡದ್ದು ಅದು. ಜೆಟ್ಟಿನ ತೂತು ಕೂದಲೆಳೆಯಷ್ಟು ಸಣ್ಣದು, ಈ ಅಂಟು ಹೋಗಿ ಅಲ್ಲೇ ಬಿರಟೆ ಹಾಕುತ್ತೆ. ಹೊಸ ಪೆಟ್ರೋಲಿನಲ್ಲಿ ತೊಳೆದು ಪಂಕ್ಚರ್ ಅಂಗಡಿಯ ಗಾಳಿ ಹೊಡೆಸು. ಸೂಜಿ, ತಂತಿ ಚುಚ್ಚಬೇಡ, ತೂತು ದೊಡ್ಡದಾದರೆ ಜೆಟ್ಟೇ ದಂಡ. ಆಮೇಲೆ ಎರಡು ಲೀಟರ್ ಹೊಸ ಪೆಟ್ರೋಲ್, ಲೀಟರಿಗೆ ಸುಮಾರು 40 ಮಿಲಿ ಟೂ-ಟಿ ಆಯಿಲ್. ಅಪ್ಪ ಗಾಡಿಯ ಪುಸ್ತಕ ಇಟ್ಟಿದ್ದರೆ ಅದರಲ್ಲಿರುವ ಲೆಕ್ಕವೇ ಲೆಕ್ಕ. ಆಯಿಲ್ ಮರೆತು ಬರೀ ಪೆಟ್ರೋಲ್ ಹಾಕಿದೆಯೋ, ಪಿಸ್ಟನ್ ಜಾಮ್!

ಇನ್ನು ಕಿಡಿ. ಹಳೇ ಪಾಯಿಂಟ್ ಮಾದರಿಯ ಯೆಜ್ಡಿಗೆ ಬ್ಯಾಟರಿ ಸತ್ತರೆ ಪ್ಲಗ್‌ನಲ್ಲಿ ಕಿಡಿ ಬರೋಲ್ಲ. ಬ್ಯಾಟರಿ 6 ವೋಲ್ಟಿನದೋ ನೋಡಿ, 6 ವೋಲ್ಟಿಗೇ ಚಾರ್ಜ್ ಹಾಕಿಸು. ನಾಲ್ಕು ತಿಂಗಳು ಖಾಲಿ ನಿಂತಿದ್ದರೆ ಹೊಸದೇ ಬೇಕಾದೀತು. ಪಾಯಿಂಟಿನ ಮೇಲೆ ತೇವಕ್ಕೆ ಬೂದು ಪೊರೆ ಕಟ್ಟಿರುತ್ತೆ, ನಯವಾದ ಪಾಲಿಶ್ ಪೇಪರಿನಿಂದ ಒಂದೆರಡು ಸಲ ಉಜ್ಜಿ ಬಿಳಿ ಕಾಗದದಲ್ಲಿ ಒರೆಸು. ಪ್ಲಗ್ ಹೊಸದೇ ಹಾಕಿಬಿಡು, ಅದಕ್ಕೆ ಜಿಪುಣತನ ಬೇಡ. ಹಾಕುವ ಮುಂಚೆ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಮೈಯನ್ನು ಎಂಜಿನ್ ಕಬ್ಬಿಣಕ್ಕೆ ತಾಗಿಸಿ ಕಿಕ್ ಒತ್ತಿ ನೋಡು. ನೀಲಿ ಕಿಡಿ 'ಚಟ್' ಅಂದರೆ ಶಹಭಾಸ್. ಈ ಪರೀಕ್ಷೆ ಪ್ಲಗ್ ತೂತಿನಿಂದ ದೂರ ಇರಲಿ, ಒಳಗಿನಿಂದ ಪೆಟ್ರೋಲ್ ಆವಿ ಬರ್ತಿರುತ್ತೆ.

ಈಗ ಹೊಡಿ ಕಿಕ್! ಅಂಗಳದಲ್ಲಿ ಹೊಡಿ, ಕೊಟ್ಟಿಗೆಯಲ್ಲಿ ಬೇಡ. ಬಿಟ್ಟ ಆಯಿಲ್ ಉರಿದು ದಟ್ಟ ಹೊಗೆ ಬರುತ್ತೆ, ಹೆದರಬೇಡ. ಹೆದರಬೇಕಾದ್ದು ಹೊಗೆಯ ಜೊತೆ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ. ಕಣ್ಣಿಗೆ ಕಾಣೋಲ್ಲ, ವಾಸನೆ ಇಲ್ಲ, ಮುಚ್ಚಿದ ಜಾಗದಲ್ಲಿ ಆಳನ್ನೇ ಕೊಲ್ಲುತ್ತೆ.

ಎಂಜಿನ್ ಎದ್ದ ಕೂಡಲೇ ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಫಸ್ಟ್ ಶೋಗೆ ಹೊರಡೋ ಆತುರ ನನಗೂ ಗೊತ್ತು. ಇಲ್ಲೇ ನಿಲ್ಲು. ಗಾಡಿ ಏಳದಿದ್ದರೆ ಮನೆಯಲ್ಲಿರ್ತೀಯ. ಎದ್ದ ಗಾಡಿ ನಿಲ್ಲದಿದ್ದರೆ?

ಬ್ರೇಕ್ ಡ್ರಮ್ಮಿನ ಒಳಗೂ ತುಕ್ಕು ಕೂತಿರುತ್ತೆ. ಮೊದಲ ಸಲ ಒತ್ತಿದಾಗ ಚಕ್ರ ಕಚ್ಚಿ ಹಿಡಿದು ಆಳನ್ನು ಎತ್ತಿ ಒಗೆಯಬಹುದು, ಇಲ್ಲಾ ಹಿಡಿಯದೆಯೇ ಇರಬಹುದು. ಎರಡೂ ಚಕ್ರ ಬಿಚ್ಚಿಸಿ ಡ್ರಮ್ ಉಜ್ಜಿಸು. ಶೂ ಮೇಲೆ ಗ್ರೀಸ್ ಬಿದ್ದಿದ್ದರೆ, ಪದರ ಏಳುತ್ತಿದ್ದರೆ ಹೊಸ ಶೂ. ಮುಂದಿನ ಬ್ರೇಕ್ ಕೇಬಲ್ ಹೊರಗೆ ಫಳಫಳ ಹೊಳೆಯುತ್ತಿದ್ದರೂ ಕವಚದೊಳಗೆ ಒಂದೊಂದೇ ಎಳೆ ಹರಿದಿರುತ್ತೆ. ಲಿವರ್ ಒತ್ತಿ ಬಿಟ್ಟಾಗ ತಾನಾಗಿ ವಾಪಸ್ ಬರದಿದ್ದರೆ ಬದಲಾಯಿಸು. ಟೈರಿನ ಪಕ್ಕದಲ್ಲಿ ಬಿರುಕು ಇದ್ದರೆ ಗಾಳಿ ತುಂಬಿಸಿ ಸಮಾಧಾನ ಮಾಡಿಕೊಳ್ಳಬೇಡ.

ನಿನ್ನ ಊರಿನಿಂದ ಆಗುಂಬೆ ಘಾಟಿ ಹತ್ತಿರ, ಅದಕ್ಕೇ ಇಷ್ಟು ಒತ್ತಿ ಹೇಳ್ತಿದ್ದೇನೆ. ಟೂ ಸ್ಟ್ರೋಕ್ ಗಾಡಿ ಇಳಿಜಾರಿನಲ್ಲಿ ಎಂಜಿನ್ ಬಲದಿಂದ ಹೆಚ್ಚು ತಡೆಯೋಲ್ಲ. ಮೇಲಾಗಿ ಇದರ ಆಯಿಲ್ ಬರೋದು ಪೆಟ್ರೋಲಿನ ಜೊತೆಗೇ. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಉದ್ದಕ್ಕೂ ಗೇರಿನಲ್ಲೇ ಇಳಿದರೆ ಪಿಸ್ಟನ್‌ಗೆ ಆಯಿಲ್ ಸಾಲದು. ಆಗಾಗ ಒಂಚೂರು ಆಕ್ಸಿಲರೇಟರ್ ಕೊಡುತ್ತಾ ಬ್ರೇಕ್ ನಂಬಿಕೊಂಡೇ ಇಳಿಯಬೇಕು. ಆ ಬ್ರೇಕ್ ನಂಬುವ ಹಾಗಿರಬೇಕಲ್ಲ! ಮೊದಲ ದಿನ ಸಮತಟ್ಟಾದ ಮೈದಾನದಲ್ಲಿ, ಹೆಲ್ಮೆಟ್ ಹಾಕಿಕೊಂಡು, ಒಬ್ಬನೇ ಓಡಿಸು. ಹತ್ತು ಸಲ ನಿಲ್ಲಿಸಿ ನೋಡು.

ಕೊನೆಗೆ ಕಾಗದ-ಪತ್ರ. ಆರ್.ಸಿ. ಅಪ್ಪನ ಹೆಸರಲ್ಲಿದೆ. ವಾರಸುದಾರರು 30 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಿ, 3 ತಿಂಗಳೊಳಗೆ 31ನೇ ನಮೂನೆಯಲ್ಲಿ ಅರ್ಜಿ ಹಾಕಬೇಕು ಅನ್ನೋದು ನಿಯಮ. ನಿನಗೆ ಗಡುವು ದಾಟಿದೆ, ಆದ್ದರಿಂದ ಇನ್ನೂ ತಡ ಮಾಡದೆ ಅಮ್ಮನನ್ನು ಕರೆದುಕೊಂಡು ಹೋಗು, ಮರಣ ಪ್ರಮಾಣಪತ್ರ ಮರೀಬೇಡ. 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು, ಆ ತಾರೀಖನ್ನೂ ನೋಡಿಕೋ. ವಿಮೆ, ಹೊಗೆ ತಪಾಸಣೆ ಚೀಟಿ ಇಲ್ಲದೆ ರಸ್ತೆಗೆ ಇಳಿಸಬೇಡ.

ಮುಂದಿನ ವಾರ: ಮಳೆ ಶುರುವಾಗುವ ಮುಂಚೆ ಗಾಡಿ ಮಲಗಿಸೋದು ಹೇಗೆ, ಪ್ಲಾಸ್ಟಿಕ್ ಹೊದಿಸಬಾರದು ಯಾಕೆ. ಕ್ಲಚ್ ಪ್ಲೇಟ್ ಅಂಟಿಕೊಂಡಿದೆ ಅಂತ ಬರೆದ ಅರಸೀಕೆರೆಯ ಮಿತ್ರರಿಗೂ ಆಗಲೇ ಉತ್ತರ.