ಸಲಹೆಗಾರರ ಫೀಸು ಕೊಡುವವರು ಯಾರು?

ರಿಸರ್ವ್ ಬ್ಯಾಂಕ್ ಬಡ್ಡಿ ಇಳಿಸಿತೆಂಬ ಸುದ್ದಿ ಬೆಳಿಗ್ಗೆ ಪತ್ರಿಕೆಯಲ್ಲಿ ಬಂದರೆ ಸಂಜೆಯೊಳಗೆ ಠೇವಣಿ ಇಟ್ಟವರ ಫೋನು ರಿಂಗಾಗತೊಡಗುತ್ತದೆ. ‘ಸರ್, ಎಫ್‌ಡಿ ಬಡ್ಡಿ ಇನ್ನೂ ಬೀಳುತ್ತೆ. ಈಗಲೇ ಗ್ಯಾರಂಟಿ ಪ್ಲಾನ್‌ಗೆ ಹಾಕ್ಬಿಡಿ.’ 2025ರ ಫೆಬ್ರುವರಿಯಿಂದ ಜೂನ್ ನಡುವೆ ರೆಪೊ ದರ ಶೇ 6.5ರಿಂದ ಶೇ 5.5ಕ್ಕೆ ಇಳಿದಾಗ ಈ ಮಾತು ಎಷ್ಟೋ ಜನರ ಕಿವಿಗೆ ಬಿದ್ದಿದೆ. ಮಾತಿನ ಮೊದಲರ್ಧ ಸುಳ್ಳಲ್ಲ. ರೆಪೊ ಎಂದರೆ ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ ಬಡ್ಡಿ. ಅದು ಇಳಿದರೆ ಗೃಹಸಾಲದ ಬಡ್ಡಿ ಇಳಿಯುತ್ತದೆ, ಹೊಸ ಠೇವಣಿಯ ಬಡ್ಡಿಯೂ ಅದರ ಹಿಂದೆಯೇ ಇಳಿಯುತ್ತದೆ. ಅರ್ಥವ್ಯವಸ್ಥೆಯ ಬಗ್ಗೆ ಒಂದು ನಿಜ ಹೇಳಿ, ಅದರ ಬೆನ್ನಿಗೇ ಒಂದು ಪಾಲಿಸಿ ಮಾರುವುದು ಈ ವ್ಯಾಪಾರದ ಹಳೆಯ ವರಸೆ.

ಆ ಗ್ಯಾರಂಟಿ ಪ್ಲಾನನ್ನು ಕೊಂಚ ಬಿಡಿಸಿ ನೋಡೋಣ. ವರ್ಷಕ್ಕೆ 50,000 ರೂಪಾಯಿಯಂತೆ 20 ವರ್ಷ ಕಟ್ಟಿದರೆ ಕೊನೆಗೆ 17 ಲಕ್ಷ ಬರುತ್ತದೆ ಎಂದಿಟ್ಟುಕೊಳ್ಳಿ. ಕಟ್ಟಿದ್ದು 10 ಲಕ್ಷ, ಬಂದದ್ದು 17 ಲಕ್ಷ, ಕೇಳಲು ಹಿತವಾಗಿದೆ. ಆದರೆ ಮೊದಲ ಕಂತು 20 ವರ್ಷ ಅಲ್ಲೇ ಕೂತಿದೆ ಎಂಬುದನ್ನು ಸೇರಿಸಿ ಲೆಕ್ಕ ಹಾಕಿದರೆ ವಾರ್ಷಿಕ ಗಳಿಕೆ ಶೇ 5ನ್ನೂ ಮುಟ್ಟುವುದಿಲ್ಲ. ಅಂದರೆ ಬಡ್ಡಿ ಬೀಳುತ್ತದೆಂದು ಹೆದರಿಸಿದವರು, ಅದಕ್ಕಿಂತ ಕಡಿಮೆ ಬಡ್ಡಿಗೆ 20 ವರ್ಷ ಕಟ್ಟಿಹಾಕುತ್ತಿದ್ದಾರೆ. ಅದೇ ಹಣವನ್ನು ಅಂಚೆ ಕಚೇರಿಯ ಪಿಪಿಎಫ್ ಖಾತೆಗೆ ಕಟ್ಟಿ, 15 ವರ್ಷದ ನಂತರ ಇನ್ನೈದು ವರ್ಷ ಮುಂದುವರಿಸಿದರೆ, 2020ರ ಏಪ್ರಿಲ್‌ನಲ್ಲಿ ನಿಗದಿಯಾದ ಶೇ 7.1ರ ದರ ಹಾಗೆಯೇ ಉಳಿದಲ್ಲಿ ಕೈಗೆ ಬರುವುದು ಸುಮಾರು 22 ಲಕ್ಷ. ‘ಆದರೆ ಇದರಲ್ಲಿ ವಿಮೆ ಇದೆಯಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ. ಇಂಥ ಪಾಲಿಸಿಗಳಲ್ಲಿ ವಿಮೆಯ ಮೊತ್ತ ಹೆಚ್ಚಾಗಿ ವರ್ಷದ ಕಂತಿನ ಹತ್ತು ಪಟ್ಟಿನ ಆಸುಪಾಸು, ಇಲ್ಲಿ 5 ಲಕ್ಷ. ತಿಂಗಳಿಗೆ 50,000 ದುಡಿಯುವ ಯಜಮಾನ ತೀರಿಕೊಂಡರೆ ಆ ಮನೆಗೆ ಅದು ಹತ್ತು ತಿಂಗಳ ಸಂಬಳ. ವಿಮೆಯೇ ಬೇಕಿದ್ದರೆ ಟರ್ಮ್ ಪಾಲಿಸಿ ಇದೆ. ಬದುಕಿ ಉಳಿದರೆ ಅದರಲ್ಲಿ ದುಡ್ಡು ವಾಪಸ್ ಬರುವುದಿಲ್ಲ, ಹಾಗಾಗಿಯೇ ಕಡಿಮೆ ಕಂತಿಗೆ ದೊಡ್ಡ ಮೊತ್ತದ ರಕ್ಷಣೆ ಸಿಗುತ್ತದೆ. ಏಜೆಂಟರು ಅದರ ಮಾತನ್ನೇ ಎತ್ತದಿರುವುದು ಯಾಕೆಂದು ಊಹಿಸುವುದು ಕಷ್ಟವಲ್ಲ: ಕಮಿಷನ್ ಲೆಕ್ಕ ಹಾಕುವುದು ಕಂತಿನ ಮೇಲೆ. ಕಂತು ಸಣ್ಣದಾದರೆ ಅದೂ ಸಣ್ಣದು.

ಮ್ಯೂಚುವಲ್ ಫಂಡಿನಲ್ಲಿ ಇದೇ ಕಥೆ ಇನ್ನಷ್ಟು ಸದ್ದಿಲ್ಲದೆ ನಡೆಯುತ್ತದೆ. 2013ರ ಜನವರಿಯಿಂದ ಪ್ರತಿ ಫಂಡಿಗೂ ರೆಗ್ಯುಲರ್, ಡೈರೆಕ್ಟ್ ಎಂಬ ಎರಡು ರೂಪಗಳಿವೆ. ಹೂಡಿಕೆಯಾಗುವ ಷೇರು ಎರಡರಲ್ಲೂ ಒಂದೇ, ನೋಡಿಕೊಳ್ಳುವ ಮ್ಯಾನೇಜರೂ ಒಬ್ಬರೇ. ರೆಗ್ಯುಲರ್‌ನಲ್ಲಿ ಮಾತ್ರ ಮಾರಿದವರಿಗೆ ನಿಮ್ಮ ಹಣ ಅಲ್ಲಿರುವಷ್ಟು ಕಾಲವೂ ಕಮಿಷನ್ ಹೋಗುತ್ತಿರುತ್ತದೆ. ಷೇರು ಫಂಡುಗಳಲ್ಲಿ ಈ ವ್ಯತ್ಯಾಸ ವರ್ಷಕ್ಕೆ ಅರ್ಧದಿಂದ ಒಂದು ಪರ್ಸೆಂಟಿನಷ್ಟಿರಬಹುದು. ತಿಂಗಳಿಗೆ 10,000ದಂತೆ 20 ವರ್ಷದ ಎಸ್‌ಐಪಿಗೆ ಶೇ 12ರ ಗಳಿಕೆ ಹಿಡಿದರೆ ಸುಮಾರು 99 ಲಕ್ಷ, ಶೇ 11 ಹಿಡಿದರೆ 86 ಲಕ್ಷದ ಮೇಲೆ ಒಂದಿಷ್ಟು. ಒಂದು ಪರ್ಸೆಂಟಿನ ಬೆಲೆ 12 ಲಕ್ಷ. ಇದಕ್ಕೆ ಯಾರೂ ಬಿಲ್ ಕೊಡುವುದಿಲ್ಲ, ಹಾಗಾಗಿ ಯಾರಿಗೂ ನೋಯುವುದಿಲ್ಲ.

ಏಜೆಂಟರನ್ನೆಲ್ಲ ವಂಚಕರೆನ್ನುವುದು ಅನ್ಯಾಯ. ಎಲ್‌ಐಸಿಗೆ 13 ಲಕ್ಷಕ್ಕೂ ಹೆಚ್ಚು ಏಜೆಂಟರಿದ್ದಾರೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುತ್ತಿದ್ದ ಹಳ್ಳಿಯವರಿಗೆ ಉಳಿತಾಯ ಕಲಿಸಿದವರು, ಮರಣದ ಕ್ಲೇಮಿಗೆ ತಾವೇ ಓಡಾಡಿದವರು ಅವರಲ್ಲಿದ್ದಾರೆ. ತಕರಾರು ಬೇರೆ: ಮಾರುವವರು ಸಲಹೆಗಾರರೆಂದು ಕರೆಸಿಕೊಳ್ಳಬಾರದು. ಸೈಟು ತೋರಿಸಿದ ಬ್ರೋಕರ್ ಎಷ್ಟೇ ಒಳ್ಳೆಯವನಾದರೂ ಕಾಗದಪತ್ರ ನೋಡಲು ನಾವು ವಕೀಲರ ಹತ್ತಿರ ಹೋಗುತ್ತೇವಲ್ಲ. ಹಣದ ವಿಷಯದಲ್ಲಿ ಆ ವಕೀಲರ ಜಾಗದಲ್ಲಿರುವವರು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಾಯಿಸಿಕೊಂಡ ಹೂಡಿಕೆ ಸಲಹೆಗಾರರು. 2013ರ ನಿಯಮದ ಪ್ರಕಾರ ಇವರು ಗ್ರಾಹಕರಿಂದ ಫೀಸು ಪಡೆಯುತ್ತಾರೆ. ತಾವು ಸಲಹೆ ಕೊಟ್ಟ ಗ್ರಾಹಕರಿಗೆ ಫಂಡ್ ಮಾರಿ ಕಮಿಷನ್ ಪಡೆಯುವಂತಿಲ್ಲ. ನಿಗದಿತ ಫೀಸಾದರೆ ಒಂದು ಕುಟುಂಬಕ್ಕೆ ವರ್ಷಕ್ಕೆ 1,51,000 ರೂಪಾಯಿಯ ಮಿತಿಯಿದೆ. ದೇಶದಲ್ಲಿ ಇಂಥವರು ಎರಡು ಸಾವಿರವೂ ಇಲ್ಲ. ಕಾರಣ ನಾವೇ. ಹತ್ತೋ ಹದಿನೈದೋ ಸಾವಿರ ಫೀಸು ಕೇಳಿದರೆ ‘ಬರೀ ಮಾತಿಗೆ ಇಷ್ಟಾ?’ ಎನ್ನುವವರು 12 ಲಕ್ಷವನ್ನು ಕಾಣದಂತೆ ಕೊಡುತ್ತಾರೆ.

ಹೆಸರಲ್ಲಿ ‘ಅಡ್ವೈಸರಿ’ ಇದ್ದರೆ ಸಾಲದು ಎಂಬುದು ಬೆಂಗಳೂರಿಗಂತೂ ಗೊತ್ತಿರಬೇಕು. ಐ ಮಾನಿಟರಿ ಅಡ್ವೈಸರಿ, ಅಂದರೆ ಐಎಂಎ, ಮಾಡುತ್ತಿದ್ದದ್ದು ಜನರಿಂದ ಹಣ ಕಟ್ಟಿಸಿಕೊಂಡು ತಿಂಗಳ ಲಾಭದ ಆಸೆ ತೋರಿಸುವ ಕೆಲಸ. 2019ರ ಜೂನ್‌ನಲ್ಲಿ ಅದು ಮುಳುಗಿದಾಗ ಸಾವಿರಾರು ಕುಟುಂಬಗಳು ಶಿವಾಜಿನಗರದ ಕಚೇರಿಯ ಮುಂದೆ ನಿಂತವು. ಸಲಹೆಗಾರ ತನ್ನ ಫೀಸನ್ನಷ್ಟೇ ಪಡೆಯಬೇಕು. ಹೂಡಿಕೆಯ ಹಣವನ್ನು ತನ್ನ ಖಾತೆಗೆ ಹಾಕಿ ಎಂದರೆ ಅಲ್ಲಿಂದ ಎದ್ದು ಬರಬೇಕು.

ಇನ್ನು ಮಾರುಕಟ್ಟೆ ಎತ್ತ ಹೋಗುತ್ತದೆಂಬ ಭವಿಷ್ಯ. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ 26,000ದ ಕೆಳಗೆ ಬಿತ್ತು, ಹತ್ತೇ ತಿಂಗಳಲ್ಲಿ 50,000 ಮುಟ್ಟಿತು. ಆ ಮಾರ್ಚಿನಲ್ಲಿ ಟೀವಿ ಮುಂದೆ ಕೂತು ಎಸ್‌ಐಪಿ ನಿಲ್ಲಿಸಿದವರಿಗೆ ಆ ಏರಿಕೆ ಸಿಗಲಿಲ್ಲ. ನಿಮ್ಮ ಸಾಲವೆಷ್ಟು, ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿದೆಯೇ, ಆರೋಗ್ಯ ವಿಮೆ ಇದೆಯೇ ಎಂದು ಕೇಳದೆ ಜಿಡಿಪಿಯ ಮಾತು ತೆಗೆಯುವವರನ್ನು ನಾನು ಸಲಹೆಗಾರರೆಂದು ಒಪ್ಪುವುದಿಲ್ಲ.

ಸಲಹೆಗಾರರ ನೋಂದಣಿ ಸಂಖ್ಯೆ ‘ಐಎನ್‌ಎ’ ಅಕ್ಷರಗಳಿಂದ ಶುರುವಾಗುತ್ತದೆ. ಸೆಬಿಯ ಜಾಲತಾಣದಲ್ಲಿ ಹೆಸರು ಹುಡುಕಿ ತಾಳೆ ನೋಡಿ. ಈಗಾಗಲೇ ಯಾರದೋ ಮಾತಿಗೆ ಜೀವವಿಮೆ ಪಾಲಿಸಿ ಮಾಡಿಸಿದ್ದರೆ, ಪಾಲಿಸಿ ಪತ್ರ ಕೈಸೇರಿದ 30 ದಿನದೊಳಗೆ ಅದನ್ನು ಹಿಂತಿರುಗಿಸುವ ಹಕ್ಕು ನಿಮಗಿದೆ. ಅಷ್ಟು ದಿನದ ವಿಮಾ ವೆಚ್ಚ, ವೈದ್ಯಕೀಯ ತಪಾಸಣೆಯ ಖರ್ಚು, ಸ್ಟ್ಯಾಂಪ್ ಶುಲ್ಕ ಮುರಿದುಕೊಂಡು ಉಳಿದ ಹಣವನ್ನು ಕಂಪನಿ ವಾಪಸ್ ಕೊಡಲೇಬೇಕು.