ಟವಲಿನ ಕೆಳಗಿನ ವ್ಯಾಪಾರ

ದನದ ಜಾತ್ರೆಯಲ್ಲಿ ಟವಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವುದನ್ನು ನಮ್ಮ ಓದುಗರು ನೋಡಿಯೇ ಇರುತ್ತೀರಿ. ಅಲ್ಲಿ ದರ ಗುಟ್ಟಾಗಿರುತ್ತದೆ. ಆದರೆ ಟವಲು ಹೊದಿಸಿದವನು ದಲ್ಲಾಳಿ ಎಂಬುದು ಗುಟ್ಟಲ್ಲ. ಅವನ ಹೊಗಳಿಕೆಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಎತ್ತು ಕೊಳ್ಳಲು ಬಂದ ರೈತ ಬಲ್ಲ. ಈಗ ಮೊಬೈಲಿನ ಪರದೆಯ ಮೇಲೆ ನಡೆಯುತ್ತಿರುವ ಹೊಸ ವ್ಯಾಪಾರದಲ್ಲಿ ದಲ್ಲಾಳಿಯೇ ಟವಲಿನ ಕೆಳಗೆ ಅಡಗಿ ಕುಳಿತಿದ್ದಾನೆ. ಹೊರಗೆ ಕಾಣುವುದು ಗೆಳೆಯನ ಮುಖ.

ಒಬ್ಬ ತರುಣ ಯೂಟ್ಯೂಬಿನಲ್ಲೋ ಇನ್‌ಸ್ಟಾಗ್ರಾಮಿನಲ್ಲೋ ರೊಟ್ಟಿ ಬಡಿಯುವುದನ್ನು ತೋರಿಸುತ್ತಾನೆ, ಪಂಪ್‌ಸೆಟ್ಟು ರಿಪೇರಿ ಮಾಡಿ ತೋರಿಸುತ್ತಾನೆ, ನಮ್ಮ ಮಾತಿನಲ್ಲೇ ನಗಿಸುತ್ತಾನೆ. ಜನ ಅವನನ್ನು ಮನೆಯ ಹುಡುಗನೆಂದು ನಂಬುತ್ತಾರೆ. ನೋಡುವವರ ಸಂಖ್ಯೆ ಲಕ್ಷ ಮುಟ್ಟಿದೊಡನೆ ಕಂಪನಿಯವರು ಹಣದ ಚೀಲದೊಡನೆ ಬರುತ್ತಾರೆ. ಅಂದಿನಿಂದ ಆ ಹುಡುಗ ಕಂಪನಿಯ ಮಾಲನ್ನು ಹೊಗಳುತ್ತಾನೆ. ಜಾಹೀರಾತಿನ ದನಿಯಲ್ಲಿ ಅಲ್ಲ, ತಾನೇ ಬಳಸಿ ಕಂಡ ಸತ್ಯವೆಂಬ ದನಿಯಲ್ಲಿ. ಇದಕ್ಕೆ ಸ್ಪಾನ್ಸರ್‌ಶಿಪ್ ಎಂಬ ದೊಡ್ಡ ಹೆಸರಿದೆ. ಪೇಟೆಬೀದಿಯ ಭಾಷೆಯಲ್ಲಿ ಹೇಳುವುದಾದರೆ ಇದು ನಂಬಿಕೆಯ ಮಾರಾಟ. ನಂಬಿದವರು ನಾವು, ಮಾರಿಕೊಂಡವನು ಅವನು, ಲಾಭ ಹೊಡೆದವನು ಮೂರನೆಯವನು.

ಜಾಹೀರಾತು ಪಾಪವೆಂದು ನಾವು ಹೇಳುತ್ತಿಲ್ಲ. ಈ ಪತ್ರಿಕೆಯೂ ಬಟ್ಟೆ ಅಂಗಡಿಯ ಜಾಹೀರಾತನ್ನು ಅಚ್ಚು ಹಾಕುತ್ತದೆ. ಆದರೆ ಸುತ್ತ ಗೆರೆ ಎಳೆದು ಹಾಕುತ್ತದೆ.

ನೂಲಿನ ಗಿರಣಿಯಲ್ಲಿ ರಿಂಗ್‌ಫ್ರೇಮಿನ ಮೇಲೆ ದುಡಿಯುವ ನಮ್ಮ ಒಬ್ಬ ತರುಣ ಸಂಗಾತಿ 2023ರ ದೀಪಾವಳಿ ಬೋನಸ್ಸನ್ನು ಮೊಬೈಲಿನ ರಮ್ಮಿ ಆಟದಲ್ಲಿ ಹತ್ತೇ ದಿನಕ್ಕೆ ಕಳೆದುಕೊಂಡ. ಬೋನಸ್ಸು ಮುಗಿದ ಮೇಲೆ ಕೈಗಡ. ಕೈಗಡ ಹುಟ್ಟದಾದಾಗ ಹೆಂಡತಿಯ ಓಲೆ ಗಿರವಿಗೆ ಹೋಯಿತು. ಯೂನಿಯನ್ ಕಚೇರಿಗೆ ಬಂದು ತಲೆ ತಗ್ಗಿಸಿ ಕುಳಿತಾಗಲೂ ಅವನು ಕಂಪನಿಯನ್ನು ಬೈಯಲಿಲ್ಲ. “ನಮ್ಮ ಹುಡುಗನೇ ಹೇಳಿದ್ದ ಮೇಷ್ಟ್ರೇ. ನಾನೂ ಆಡ್ತೀನಿ, ನಿನ್ನೆ ನಾಲ್ಕು ಸಾವಿರ ಬಂತು ಅಂತ ತೋರಿಸಿದ್ದ” ಎಂದ. ಆ ‘ನಮ್ಮ ಹುಡುಗ’ ಯಾರೆಂದು ನೋಡಿದರೆ ಏಳನೆಯ ತರಗತಿಯಲ್ಲಿ ನಾನೇ ಪಾಠ ಹೇಳಿದವನು!

ಕರೆಸಿ ಕೇಳಿದೆ. “ಸಾರ್, ನಾನು ಒಂದು ದಿನಾನೂ ಆಡಿಲ್ಲ. ಅವರು ಬರೆದು ಕಳ್ಸಿದ್ದನ್ನ ಓದಿದೆ ಅಷ್ಟೆ” ಎಂದ. ಬೆಂಗಳೂರಿನ ಒಬ್ಬ ಏಜೆಂಟನ ಮೂಲಕ ಬರೆಹ ಬಂದಿತ್ತು. ಸೋಲಿನ ಮಾತು ಬರಕೂಡದು, ಗೆದ್ದ ಮೊತ್ತವನ್ನು ಎರಡು ಸಲ ಹೇಳಬೇಕು ಎಂಬ ಸೂಚನೆಯೂ ಇತ್ತು. ಗೊತ್ತುಮಾಡಿದ್ದ ಹದಿನೈದು ಸಾವಿರದಲ್ಲಿ ಏಜೆಂಟನ ಪಾಲು ಕಳೆದು, ಉಳಿದದ್ದು ಕೈಗೆ ಬರಲು ಮೂರು ತಿಂಗಳು ಹಿಡಿಯಿತು. ನಾನು ಅವನ ಮೇಲೆ ಕೂಗಾಡಿದೆ. ಮೇಷ್ಟರ ಚಾಳಿ, ಬಿಟ್ಟರೂ ಬಿಡುವುದಿಲ್ಲ. ಅವನು ಹೋದ ಮೇಲೆ ಯೋಚಿಸಿದಾಗ ತಿಳಿಯಿತು: ಇವನೂ ಪೀಸ್‌ರೇಟಿನ ಕೂಲಿಯವನೇ. ಗಿರಣಿಯಲ್ಲಿ ಬಾಬಿನಿಗೆ ಇಷ್ಟು, ಇಲ್ಲಿ ಸುಳ್ಳಿಗೆ ಇಷ್ಟು. ಹೀಗೆಂದ ಮಾತ್ರಕ್ಕೆ ಅವನ ತಪ್ಪು ಮಾಫಿಯಾಗುವುದಿಲ್ಲ. ಆದರೆ ಆ ಸುಳ್ಳನ್ನು ಬರೆದವನು ಎಲ್ಲಿ?

2025ರ ಮಾರ್ಚ್‌ನಲ್ಲಿ ಹೈದರಾಬಾದಿನ ಪೊಲೀಸರು ಬೆಟ್ಟಿಂಗ್ ಆ್ಯಪುಗಳನ್ನು ಹೊಗಳಿದ ನಟರ ಮೇಲೂ ವಿಡಿಯೋದವರ ಮೇಲೂ ಮೊಕದ್ದಮೆ ದಾಖಲಿಸಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾನೂನು ಮಾಡಿತು. ಅವುಗಳ ಜಾಹೀರಾತು ಮಾಡಿದವರಿಗೆ ಎರಡು ವರ್ಷದವರೆಗೆ ಸಜೆ, 50 ಲಕ್ಷ ರೂಪಾಯಿವರೆಗೆ ದಂಡ ಎಂದಿತು. ಸಂತೋಷ. ಆದರೆ ರಮ್ಮಿ ಹೋದರೆ ಮಾತು ಮುಗಿಯಿತೆ? ಅದೇ ಮುಖ, ಅದೇ ದನಿ, ನಾಳೆ ಕೂದಲೆಣ್ಣೆಗೆ, ನಾಡಿದ್ದು ಸಾಲದ ಆ್ಯಪಿಗೆ. ಕೆಟ್ಟಿರುವುದು ಬರಿಯ ಮಾಲಲ್ಲ, ಕರಾರು.

ಆ ಕರಾರಿನಲ್ಲಿ ಏನಿರುತ್ತದೆಂಬುದು ಸಾಮಾನ್ಯವಾಗಿ ಹೊರಗೆ ಬರುವುದಿಲ್ಲ. ಅಮೆರಿಕದಲ್ಲಿ ಒಮ್ಮೆ ಬಂದಿತು. ವಾರ್ನರ್ ಬ್ರದರ್ಸ್ ಎಂಬ ಭಾರಿ ಸಿನಿಮಾ ಕಂಪನಿಯ ಒಂದು ಶಾಖೆ 2014ರಲ್ಲಿ ‘ಶ್ಯಾಡೋ ಆಫ್ ಮೊರ್ಡಾರ್’ ಎಂಬ ವಿಡಿಯೋ ಆಟವನ್ನು ಮಾರುಕಟ್ಟೆಗೆ ಬಿಟ್ಟಾಗ, ಯೂಟ್ಯೂಬಿನ ಹೆಸರಾಂತರಿಗೆ ಕೆಲವರಿಗೆ ನೂರಾರು, ಕೆಲವರಿಗೆ ಹತ್ತಾರು ಸಾವಿರ ಡಾಲರ್ ಕೊಟ್ಟಿತ್ತು. ಷರತ್ತುಗಳನ್ನು ಕೇಳಿರಿ. ಆಟವನ್ನು ಹೊಗಳಲೇಬೇಕು. ಅದರ ದೋಷಗಳನ್ನು ತೋರಿಸಕೂಡದು. ಹೊರಬಿಡುವ ಮುಂಚೆ ವಿಡಿಯೋವನ್ನು ಒಪ್ಪಿಸಿ ಮಂಜೂರಾತಿ ಪಡೆಯಬೇಕು. ಹಣ ಪಡೆದ ಮಾತನ್ನು ವಿಡಿಯೋದ ಕೆಳಗಿನ ವಿವರಣೆಯಲ್ಲಿ ಬರೆದರೆ ಸಾಕು. ಅದು ಬೆರಳಿಂದ ಒತ್ತಿ ತೆರೆದವರಿಗೆ ಮಾತ್ರ ಕಾಣುವ ಜಾಗ. ಪ್ಯೂಡಿಪೈ ಎಂಬಾತನ ಒಂದೇ ವಿಡಿಯೋವನ್ನು 37 ಲಕ್ಷಕ್ಕೂ ಹೆಚ್ಚು ಸಲ ಜನ ನೋಡಿದರು. 2016ರಲ್ಲಿ ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ ಇದನ್ನು ಬಯಲಿಗೆಳೆಯಿತು. ಕೊನೆಗೆ ಏನಾಯಿತು? ಇನ್ನು ಮುಂದೆ ಹಣದ ಮಾತನ್ನು ಮುಚ್ಚಿಡಬಾರದೆಂಬ ಆಜ್ಞೆಯ ಮೇಲೆ ರಾಜಿಯಾಯಿತು.

ನಮ್ಮ ದೇಶದಲ್ಲಿ ಕಾನೂನಿಲ್ಲವೆ? ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ. ಹೊಗಳಿದವನ ಬಾಯಿಗೆ ಒಂದು ವರ್ಷದವರೆಗೆ ಬೀಗ ಹಾಕುವ ಅಧಿಕಾರವೂ ಉಂಟು. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಒಂದು ಕೈಪಿಡಿಯನ್ನೂ ಹೊರಡಿಸಿತು: ವಿಡಿಯೋದಲ್ಲಿ ಹಣದ ಸಂಬಂಧವನ್ನು ಅಕ್ಷರದಲ್ಲಿಯೂ ತೋರಿಸಬೇಕು, ಬಾಯಿಮಾತಿನಲ್ಲಿಯೂ ಹೇಳಬೇಕು. ಒಳ್ಳೆಯದೇ. ಆದರೆ ಯಾವ ಶಬ್ದ ಬಳಸಬಹುದೆಂದು ಹೇಳುವಾಗ ‘ಜಾಹೀರಾತು’ ಎಂಬುದರ ಜೊತೆಗೆ ‘ಕೊಲಾಬೊರೇಷನ್’, ‘ಪಾರ್ಟ್‌ನರ್‌ಶಿಪ್’ ಎಂಬುವನ್ನೂ ಅದೇ ಕೈಪಿಡಿ ಒಪ್ಪಿಕೊಂಡಿತು.

ಪಾರ್ಟ್‌ನರ್‌ಶಿಪ್ಪಂತೆ! ಪೇಟೆಯ ವರ್ತಕರೇ, ನಿಮಗಿಂತ ಚೆನ್ನಾಗಿ ಈ ಶಬ್ದವನ್ನು ಬಲ್ಲವರು ಯಾರು? ಪಾಲುದಾರ ಎಂದರೆ ಲಾಭಕ್ಕೂ ಪಾಲು, ನಷ್ಟಕ್ಕೂ ಪಾಲು; ಖಾತೆಪುಸ್ತಕ ತೆರೆದು ನೋಡುವ ಹಕ್ಕು. ನನ್ನ ಶಿಷ್ಯನಿಗೆ ಆ ರಮ್ಮಿ ಕಂಪನಿಯ ಯಾವ ಲೆಕ್ಕ ಯಾರು ತೋರಿಸಿದರು? ಅವನು ಪಾಲುದಾರನಲ್ಲ, ಡಂಗುರ ಸಾರಲು ಗೊತ್ತುಮಾಡಿದ ಆಳು. ಹಳ್ಳಿಯ ಮುದುಕಿಗೆ ಈ ಇಂಗ್ಲಿಷ್ ಶಬ್ದದಿಂದ ಏನು ತಿಳಿಯಬೇಕು? ಇನ್ನು ಯೂಟ್ಯೂಬಿನ ಚೀಟಿಯೋ, ವಿಡಿಯೋ ಮಾಡಿದವನೇ ಗುರುತು ಹಾಕಿದರೆ ಮೊದಲ ಹತ್ತು ಸೆಕೆಂಡು ಮೂಲೆಯಲ್ಲಿ ಮಿನುಗಿ ಮಾಯವಾಗುತ್ತದೆ. ಒಲೆಯ ಮೇಲಿನ ಹಾಲು ಇಳಿಸಿ ಬರುವಷ್ಟರಲ್ಲಿ ಅದರ ಆಯುಷ್ಯ ಮುಗಿದಿರುತ್ತದೆ.

ಸರಕಾರಕ್ಕೆ ಕಣ್ಣಿಲ್ಲವೆಂದು ಹೇಳಲಾಗದು. 2022ರ ಜುಲೈ 1ರಿಂದ, ಕಂಪನಿ ಕೊಟ್ಟ ಫೋನನ್ನೋ ಬೇರೆ ಮಾಲನ್ನೋ ವಿಡಿಯೋದವನು ತಾನೇ ಇಟ್ಟುಕೊಂಡರೆ, ವರ್ಷಕ್ಕೆ 20,000 ರೂಪಾಯಿ ದಾಟಿದ ಇಂಥ ಉಡುಗೊರೆಗಳ ಮೇಲೆ ಶೇಕಡಾ 10 ತೆರಿಗೆ ಮುರಿದುಕೊಳ್ಳಬೇಕೆಂಬ ನಿಯಮ ಬಂದಿದೆ. ಅಂದರೆ ಯಾರಿಗೆ ಏನು ಸಂದಿತೆಂಬುದು ಆದಾಯ ತೆರಿಗೆ ಇಲಾಖೆಗೆ ಗೊತ್ತು, ಕಂಪನಿಗೆ ಗೊತ್ತು, ವಿಡಿಯೋದವನಿಗೆ ಗೊತ್ತು. ಜೇಬಿನಿಂದ ದುಡ್ಡು ತೆಗೆಯುವ ಗಿರಾಕಿಯೊಬ್ಬನಿಗೆ ಮಾತ್ರ ಗೊತ್ತಾಗಕೂಡದು.

ಹಣ ತೆಗೆದುಕೊಳ್ಳದೆ ಮಾತನಾಡಿದವನ ಗತಿಯನ್ನೂ ನೋಡಿ. 2023ರ ಏಪ್ರಿಲ್‌ನಲ್ಲಿ ರೇವಂತ್ ಹಿಮತ್‌ಸಿಂಗ್ಕಾ ಎಂಬ ತರುಣ, ಮಕ್ಕಳಿಗೆ ಕುಡಿಸುವ ಬೋರ್ನ್‌ವಿಟಾದಲ್ಲಿ ಸಕ್ಕರೆ ಎಷ್ಟಿದೆಯೆಂದು ಡಬ್ಬಿ ಹಿಡಿದು ವಿಡಿಯೋ ಮಾಡಿದ. ಕಂಪನಿಯಿಂದ ವಕೀಲರ ನೋಟೀಸು ಬಂತು. ಕೋರ್ಟಿಗೆ ಅಲೆಯುವ ಶಕ್ತಿಯಿಲ್ಲದೆ ಅವನು ಕ್ಷಮೆ ಕೇಳಿ ವಿಡಿಯೋ ತೆಗೆದುಹಾಕಿದ. ಅದೇ ವರ್ಷದ ಕೊನೆಗೆ ಅದೇ ಕಂಪನಿ ಸೇರಿಸುವ ಸಕ್ಕರೆಯನ್ನು ಸುಮಾರು ಶೇಕಡಾ 14ರಷ್ಟು ಇಳಿಸಿತು. ಹೊಗಳಿದವನಿಗೆ ಚೆಕ್ಕು, ಲೆಕ್ಕ ಕೇಳಿದವನಿಗೆ ನೋಟೀಸು.

“ಜನರಿಗೆ ಬುದ್ಧಿ ಇಲ್ಲವೆ, ನೋಡಿ ಕೊಳ್ಳಲಿ” ಎನ್ನುವವರು ನಮ್ಮಲ್ಲಿಯೂ ಇದ್ದಾರೆ. ಅಂಥವರು ತೂಕ ಅಳತೆ ಇಲಾಖೆಯನ್ನೂ ಮುಚ್ಚಿಸಲು ಒಪ್ಪುವರೆ? ನಮ್ಮ ಪೇಟೆಯ ಕಿರಾಣಿ ಅಂಗಡಿಯವನ ತಕ್ಕಡಿಗೆ ಮುದ್ರೆ ಬೇಕು. ಅವನು ಕೆಟ್ಟ ಬೇಳೆ ಕೊಟ್ಟರೆ ಗಿರಾಕಿ ಮರುದಿನ ಬಂದು ಮುಖದ ಮೇಲೆ ಸುರಿಯಬಲ್ಲ. ಪರದೆಯ ಮೇಲಿನವನ ಅಂಗಡಿಗೆ ಕಟ್ಟೆಯೂ ಇಲ್ಲ, ಬಾಗಿಲೂ ಇಲ್ಲ. ಹಾಗೆಂದು ಚಿಲ್ಲರೆ ವರ್ತಕ ಮಿತ್ರರು ಬೀಗುವುದೂ ಬೇಡ. ಕಂಪನಿಯ ‘ಸ್ಕೀಮ್’ ಇದೆಯೆಂದು, ಕೇಳಿದ ಸಾಬೂನು ಬಿಟ್ಟು ಬೇರೊಂದನ್ನು “ಇದೇ ಚೆನ್ನಾಗಿದೆ ಅಕ್ಕಾ” ಎಂದು ಕೈಗಿಡುವ ರೂಢಿ ನಮ್ಮ ಬೀದಿಯಲ್ಲಿಯೂ ಇದೆ.

ನಮ್ಮ ಬೇಡಿಕೆ ಇಷ್ಟು. ‘ಹಣ ಪಡೆದು ಮಾಡಿದ ಜಾಹೀರಾತು’ ಎಂಬ ಮಾತು, ವಿಡಿಯೋ ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲಿ, ಮೊದಲಿನಿಂದ ಕೊನೆಯವರೆಗೆ ಪರದೆಯ ಮೇಲೆ ನಿಲ್ಲಲಿ. ಕೊಟ್ಟ ಮೊತ್ತವೂ ಹಾಕಿದ ಷರತ್ತುಗಳೂ ಪ್ರಕಟವಾಗಲಿ. ಅವನ್ನು ಗುಟ್ಟಾಗಿಡಬೇಕೆಂಬ ಕಲಮು ಕೋರ್ಟಿನಲ್ಲಿ ನಿಲ್ಲದಂತಾಗಲಿ. ಬರೆದುಕೊಟ್ಟ ಸುಳ್ಳಿಗೆ ಮೊದಲ ಆರೋಪಿ ಬರೆಸಿದ ಕಂಪನಿಯಾಗಲಿ, ಓದಿದವನು ಎರಡನೆಯವನಾಗಲಿ. ದಂಡದ ಹಣ ಖಜಾನೆಗೆ ಹೋದರೆ ಸಾಲದು; ಮೋಸಹೋದವನ ಮನೆಗೆ ಓಲೆ ಹಿಂದಿರುಗಬೇಕು.

ಕಳೆದ ವಾರ ನನ್ನ ಶಿಷ್ಯ ಮತ್ತೆ ಬಂದಿದ್ದ. ಈ ಸಲ ಸಾಲ ಕೊಡುವ ಒಂದು ಆ್ಯಪಿನ ಕರಾರು, ಇಂಗ್ಲಿಷಿನಲ್ಲಿ ನಾಲ್ಕು ಪುಟ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಇಬ್ಬರೂ ಓದಿದೆವು. ಏಳನೆಯ ಕಲಮಿನಂತೆ, ಪಡೆದ ಮೊತ್ತವನ್ನು ಅವನು ಯಾರಿಗೂ ಹೇಳಕೂಡದು. ಒಂಬತ್ತನೆಯದರಂತೆ, ಜನರಿಂದ ದೂರು ಬಂದರೆ ಹೊಣೆ ಅವನದೇ. ಸಹಿ ಹಾಕಿದರೆ ಇಪ್ಪತ್ತು ಸಾವಿರ. ಅವನ ಮನೆಯ ಬಾಡಿಗೆ ಎರಡು ತಿಂಗಳಿಂದ ನಿಂತಿದೆ. ಆ ಕಾಗದ ಯೂನಿಯನ್ ಕಚೇರಿಯ ಮೇಜಿನ ಮೇಲೆಯೇ ಇದೆ. ಗುರುವಾರ ಬರುತ್ತೇನೆಂದು ಹೇಳಿ ಹೋಗಿದ್ದಾನೆ.