ತಪ್ಪು ಮಾಡಲಿಕ್ಕೊಂದು ಜಾಗ

ಸಂಜೆ ಪಣಂಬೂರಿನ ಕಡಲ ದಂಡೆಯಲ್ಲಿ ಕೂತರೆ ಸರದಿ ಕಾಯುವ ಹಡಗುಗಳ ದೀಪ ಕಾಣುತ್ತದೆ. ಅವುಗಳಲ್ಲೊಂದು ನಮ್ಮ ಅಡುಗೆಮನೆಯ ಗ್ಯಾಸು ತಂದದ್ದಿರಬಹುದು. ಮೊನ್ನೆ ಅದನ್ನು ನೋಡುತ್ತ ನೆರೆಯವರಿಗೆ ಹೇಳಿದೆ: “ಗ್ಯಾಸಿನ ಹಡಗನ್ನು ಒಳಗೆ ತರುವವರು ಮೊದಲು ಸಿಮ್ಯುಲೇಟರಿನಲ್ಲಿ ಅದನ್ನು ಹತ್ತು ಸಲ ಜೆಟ್ಟಿಗೆ ಗುದ್ದಿಸಬೇಕು.”

ಅವರು ನಕ್ಕರು. “ಅದೇನು ಮಕ್ಕಳಾಟವಾ ಮಾರಾಯ್ರೇ? ಬಂದರು ಶುರುವಾಗಿ ಐವತ್ತು ವರ್ಷ ದಾಟಿತು. ಅವರಿಗೆ ಅನುಭವ ಇಲ್ಲವಾ?”

ಈ ‘ಅನುಭವ’ ಎಂಬ ಮಾತಿನ ಮೇಲೆಯೇ ನನ್ನ ಜಗಳ.

ದೊಡ್ಡ ಗ್ಯಾಸಿನ ಹಡಗು ಸುಮಾರು 225 ಮೀಟರ್ ಉದ್ದ. ಅದರೊಳಗಿನ ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೆ ತಣಿದು ದ್ರವವಾಗಿರುತ್ತದೆ. ಅದರ ತೂಕ ನೀರಿನ ಅರ್ಧದಷ್ಟೇ ಸುಮಾರು. ಹಾಗಾಗಿ ತುಂಬಿದ ಹಡಗೂ ನೀರಿನ ಮೇಲೆ ಎತ್ತರಕ್ಕೆ ನಿಂತು, ಪಕ್ಕದ ಗಾಳಿಗೆ ಗೋಡೆಯಂತೆ ಮೈಯೊಡ್ಡುತ್ತದೆ. ಬಂದರಿನೊಳಗೆ ವೇಗ ಇಳಿಸಲೇಬೇಕು. ಇಳಿಸಿದರೆ ಚುಕ್ಕಾಣಿ ಮಾತು ಕೇಳುವುದಿಲ್ಲ. ಆಗ ಟಗ್ಗುಗಳೇ ಗತಿ. ಆಷಾಢದ ಗಾಳಿಯಲ್ಲಿ ಒಂದು ಟಗ್ಗಿನ ಎಂಜಿನ್ ನಿಂತರೆ?

ನಿಜವಾದ ಹಡಗಿನಲ್ಲಿ ಇದನ್ನು ಪರೀಕ್ಷಿಸಲಿಕ್ಕೆ ಬರುವುದಿಲ್ಲ. ಸಿಮ್ಯುಲೇಟರಿನಲ್ಲಿ ಬರುತ್ತದೆ. ಬಂದರಿನ ಆಳ, ತಡೆಗೋಡೆ, ಗಾಳಿ, ಅಲೆಗಳನ್ನೆಲ್ಲ ಕಂಪ್ಯೂಟರಿಗೆ ಕೊಟ್ಟು, ಪೈಲಟರನ್ನು ಹಡಗಿನದೇ ಮಾದರಿಯ ಕೋಣೆಯಲ್ಲಿ ನಿಲ್ಲಿಸುತ್ತಾರೆ. ಅಲ್ಲಿ ಗುದ್ದಿದರೆ ಯಾರೂ ಸಾಯುವುದಿಲ್ಲ. ಎಷ್ಟು ಗಾಳಿಗೆ ‘ಇವತ್ತು ಬೇಡ’ ಎನ್ನಬೇಕೆಂಬುದು ತಿಳಿಯುತ್ತದೆ.

ಅನುಭವದ ಮಾತಿಗೆ ಬನ್ನಿ. 2010ರ ಮೇ 22ರಂದು ನಮ್ಮ ಬಜ್ಪೆಯಲ್ಲಿ ವಿಮಾನ ಉರುಳಿ 158 ಮಂದಿ ಸತ್ತರು. ಅದರ ಕ್ಯಾಪ್ಟನ್ ಹತ್ತು ಸಾವಿರ ಗಂಟೆಗೂ ಮಿಕ್ಕಿ ಹಾರಿಸಿದವರು. ಇಳಿಸುವುದು ಬೇಡ, ಮೇಲೇಳೋಣ ಎಂದು ಸಹಪೈಲಟ್ ಮೂರು ಸಲ ಹೇಳಿದ್ದರೆಂದು ತನಿಖೆ ತಿಳಿಸಿತು. ವಿಮಾನದವರಿಗೆ ಸಿಮ್ಯುಲೇಟರ್ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಆದ್ದರಿಂದಲೇ ಹೇಳುತ್ತೇನೆ, ಯಂತ್ರ ಕೊಂಡು ಸರ್ಟಿಫಿಕೇಟು ಹಂಚಿದರೆ ಸಾಲದು. ಕಿರಿಯ ‘ಬೇಡ’ ಎನ್ನುವುದನ್ನೂ ಹಿರಿಯ ಅದನ್ನು ಕೇಳುವುದನ್ನೂ ಅಲ್ಲೇ ರೂಢಿ ಮಾಡಿಸಬೇಕು.

ಹಡಗು ಜೆಟ್ಟಿಗೆ ತಾಗಿದಲ್ಲಿಗೆ ಅಪಾಯ ಮುಗಿಯುವುದೂ ಇಲ್ಲ. 1997ರ ಸೆಪ್ಟೆಂಬರ್ 14ರಂದು ವಿಶಾಖಪಟ್ಟಣದಲ್ಲಿ, ಹಡಗಿನಿಂದ ಬಂದ ಗ್ಯಾಸನ್ನು ಟ್ಯಾಂಕಿಗೆ ತುಂಬಿಸುವ ಹೊತ್ತಿನಲ್ಲಿ ಸೋರಿಕೆಯಾಗಿ ಬೆಂಕಿ ಹತ್ತಿ ಸುಮಾರು 60 ಮಂದಿ ಹೋದರು. 2013ರ ಏಪ್ರಿಲ್ 9ರಂದು ಪೆರ್ನೆಯಲ್ಲಿ ಮಗುಚಿದ ಒಂದು ಟ್ಯಾಂಕರು ಏನು ಮಾಡಿತೆಂದು ನಮ್ಮ ಜಿಲ್ಲೆಗೆ ಗೊತ್ತುಂಟು. ಹಡಗಿನಲ್ಲಿರುವುದು ಅಂಥ ನೂರಾರು ಟ್ಯಾಂಕರುಗಳ ಸರಕು.

ಆದ್ದರಿಂದ ಅಭ್ಯಾಸದಲ್ಲಿ ಪೈಪು, ವಾಲ್ವು, ಸೈರನ್ನುಗಳೂ ಇರಲಿ, ಗೋಡೆಯಾಚೆಯ ಬೈಕಂಪಾಡಿ, ತಣ್ಣೀರುಬಾವಿಯ ಮನೆಗಳೂ ಇರಲಿ. ಎಷ್ಟು ಗಾಳಿಗೆ ಹಡಗು ತರುವುದಿಲ್ಲ, ಸೈರನ್ ಕೂಗಿದರೆ ಯಾವ ಕಡೆ ಓಡಬೇಕು ಎಂಬುದನ್ನು ನಮಗೆ ಕನ್ನಡದಲ್ಲಿ, ತುಳುವಿನಲ್ಲಿ ಹೇಳಲಿ. ಇದರಲ್ಲಿ ಗುಟ್ಟೇನು?

ನೆರೆಯವರು ಯಕ್ಷಗಾನದ ಹುಚ್ಚಿನವರು. ಕೊನೆಗೆ ಅವರನ್ನೇ ಕೇಳಿದೆ: “ಹೆಜ್ಜೆ ಕಲಿಯುವ ಹುಡುಗ ತಪ್ಪುವುದು ಎಲ್ಲಿ?”

“ಗುರುಗಳ ಅಂಗಳದಲ್ಲಿ.”

“ರಂಗಸ್ಥಳದಲ್ಲಿ ತಪ್ಪಿದರೆ?”

“ಜನ ನಗುತ್ತಾರೆ.”

“ಇಲ್ಲಿ ತಪ್ಪಿದರೆ ನಗಲಿಕ್ಕೆ ಯಾರು ಉಳಿಯುತ್ತಾರೆ?” ಎಂದೆ. ಅವರು ಮತ್ತೆ ನಗಲಿಲ್ಲ.